ಮಣ್ಣಿನವಳ ಪಾಲು

ಮಣ್ಣಿಗೆ ನೀರು ಹೆಚ್ಚಾಯಿತು. ಮೆಗಿಸ್ತೊ ಬೊಗಸೆಯಲ್ಲಿ ಎತ್ತಿಕೊಂಡರೆ ಬೆರಳ ಸಂದಿಯಿಂದ ಜಾರಿ ಮೊಣಕೈವರೆಗೆ ಇಳಿಯಿತು. ಇನ್ನೊಂದು ಹಿಡಿ ಒಣಮಣ್ಣು ಉದುರಿಸಿ ಮತ್ತೆ ನಾದಿದಳು. ಬಾರ್ಲಿ ಹಿಟ್ಟು ನಾದಿ ನಾದಿ ಸವೆದ ಕೈ ಅದು. ಹಿಟ್ಟಾದರೇನು ಮಣ್ಣಾದರೇನು, ನಾದು ಅಂದರೆ ನಾದುತ್ತದೆ. ಅಂದವನು ತಮ್ಮ ಪ್ರೋರ. ಬೆಳಿಗ್ಗೆ ಅಂಗಳದಲ್ಲಿ ಎದುರಿಗೆ ನಿಂತು, "ಅಕ್ಕ, ಎರಡು ಗೊಂಬೆ ಬೇಕಂತೆ. ಒಂದು ಗಂಡು, ಒಂದು ಹೆಣ್ಣು. ನಿನ್ನ ಕೈ ಹದವಾಗಿದೆ, ನೀನೇ ಮಾಡ್ಬಿಡು" ಎಂದಿದ್ದ. ನಿನ್ನ ಕೈ ಹದವಾಗಿದೆ! ಬಂಜೆಯೆಂದು ಗಂಡ ತವರಿಗೆ ಅಟ್ಟಿದ ಮೇಲೆ ಈ ಮನೆಯಲ್ಲಿ ಅವಳ ಬಗ್ಗೆ ಒಂದು ಒಳ್ಳೆಯ ಮಾತು ಬಿದ್ದದ್ದು ಇವತ್ತು, ಅದೂ ಇಂಥ ಕೆಲಸಕ್ಕೆ. ಆ ಮಾತಿಗೆ ಮೈ ಬೆಚ್ಚಗಾದದ್ದು ನೆನಪಾಗಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಒಳಗೆ ಒಲೆಯ ಪಕ್ಕ ಮಿರ್ತೊ ನರಳುತ್ತಿತ್ತು. ಪ್ರೋರನ ಒಬ್ಬಳೇ ಮಗಳು, ಇನ್ನೂ ಮಾತು ತೊದಲುವ ವಯಸ್ಸು. ಮೈ ಕಾದ ಹೆಂಚು. ಕುಡಿಸಿದ ನೀರು ಗಂಟಲಿಳಿಯುವ ಮೊದಲೇ ವಾಪಸು ಬರುತ್ತಿತ್ತು. ಆ ಮಗು ಉಳಿಯಲಿ ಅಂತ ಈ ಮಣ್ಣು. ಆ ಮಗು ಯಾರಿಂದ ಹೀಗೆ ಮಲಗಿದೆ ಎಂದು ಗೊತ್ತಿದ್ದ ಒಂದೇ ಜೀವ ಆ ಮಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೆಂಟೆ ಒಡೆದು ಕಲ್ಲು ಆರಿಸುತ್ತಿತ್ತು.

ಯಾರೋ ಕಳಿಸಿದ್ದಾರೆ ಎಂದು ಮೊದಲು ಹೇಳಿದವನು ಕಾರ್ನೇದ. ಅಪೊಲೊ ಗುಡಿಯ ಹತ್ತಿರ ಇದ್ದುಕೊಂಡು ಮನೆಮನೆಯ ಮೈಲಿಗೆ ಕಳೆಯುವ ಮುದುಕ. ಕಡಲಾಚೆಯಿಂದ ಬಂದವರು ಲಿಬಿಯದ ನೆಲದಲ್ಲಿ ಕಟ್ಟಿದ ಈ ಕಿರೇನೆ ಊರಿನಲ್ಲಿ ಯಾರ ಹೊಸ್ತಿಲಿಗೆ ಯಾವ ಕಲೆ ಎಂದು ಬಾಯಿಪಾಠ ಮಾಡಿಕೊಂಡವನು. ಬಂದವನೇ ಮಗುವಿನ ರೆಪ್ಪೆ ಎತ್ತಿ ನೋಡಿದ, ಉಸಿರು ಮೂಸಿದ. "ಇದು ಬರೀ ಜ್ವರ ಅಲ್ಲಪ್ಪ. ಅತಿಥಿ ಬಂದಿದ್ದಾನೆ. ಯಾರೋ ಬೇಡ್ಕೊಂಡಿದ್ದಾರೆ, ನೆಲದ ಕೆಳಗಿನ ದೇವರು ಕಳಿಸ್ಕೊಟ್ಟಿದ್ದಾರೆ. ಕಳಿಸ್ದೋರ ಹೆಸರು ಗೊತ್ತಿದ್ರೆ ಸುಲಭ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗು, ತೀರಿತು. ಗೊತ್ತಿಲ್ಲ ಅಂದ್ರೆ, ಗಂಡೋ ಹೆಣ್ಣೋ ತಿಳಿಯದಲ್ಲ, ಎರಡೂ ಗೊಂಬೆ ಮಾಡಿ ಮನೆಯೊಳಕ್ಕೆ ಕರೀಬೇಕು, ಕೂರಿಸ್ಬೇಕು, ಮಾಡಿದ್ರಲ್ಲೆಲ್ಲ ಪಾಲು ಬಡಿಸ್ಬೇಕು. ಉಂಡಾದ್ಮೇಲೆ ನೇಗಿಲು ಮುಟ್ಟದ ಕಾಡಿಗೆ ಒಯ್ದು, ಪಾಲಿನ ಸಮೇತ ನೆಟ್ಟು ಬಾ. ನನ್ನ ಮಾತಲ್ಲ ಇದು, ಗುಡೀಲಿ ಕಲ್ಲಿನ ಮೇಲೆ ಕೊರೆದಿದೆ." ಪ್ರೋರ ಹಣೆ ಉಜ್ಜಿಕೊಂಡು ಹಗೆಗಳನ್ನು ಒಬ್ಬೊಬ್ಬರನ್ನಾಗಿ ತೆಗೆದ. ಮೇಲಿನ ಹೊಲದವನು, ನೀರಿನ ಕಾಲುವೆ ಜಗಳ. ಆಡು ಕಟ್ಟಿಹಾಕಿದ್ದಕ್ಕೆ ಶಪಿಸಿ ಹೋದ ಲಿಬಿಯದ ಕುರಿಗಾಹಿ. ಹೆಂಡತಿ ಫಿಲೊ ಕಣ್ಣೊರೆಸಿಕೊಂಡು, "ನಿಮ್ಮ ದಾಯಾದಿ ಒಬ್ಬ ಇದಾನಲ್ಲ, ಮಗು ನೋಡಿ ಹೊಟ್ಟೆ ಉರ್ಕೊಂಡೋನು, ಅವನ್ನೂ ಸೇರಿಸ್ಕೊಳ್ಳಿ" ಎಂದಳು. ಕಾರ್ನೇದ ಕೋಲನ್ನು ಸುಮ್ಮನೆ ಒಳಗಡೆಗೆ ಆಡಿಸಿದ. "ಮನೆಯೊಳಗೆ ಯಾರಾದ್ರೂ?" ಫಿಲೊ ಆ ದುಃಖದಲ್ಲೂ ನಕ್ಕಳು. "ಮನೆಯೊಳಗೆ ಯಾರಿದ್ದಾರೆ ಅಜ್ಜ? ನಾವೇ. ಆಮೇಲೆ ನಮ್ಮತ್ತಿಗೆ. ಪಾಪ, ಅವರು ಇರುವೆ ಕಂಡ್ರೂ ದಾಟ್ಕೊಂಡು ಹೋಗೋರು." ಮೂವರೂ ಅವಳ ಕಡೆ ಮರುಕದಿಂದ ನೋಡಿದರು. ಮೆಗಿಸ್ತೊ ಕೂಡ ಹಾಗೇ ಮುಖ ಮಾಡಿಕೊಂಡು ನಿಂತಳು. ಬಚಾವಾದೆ ಎಂದು ಹಗುರಾಗಬೇಕಿತ್ತಲ್ಲ; ಬದಲಿಗೆ ಹಳೆಯ ಉರಿ ಎದ್ದಿತು. ಲಿಬಿಯದ ಕುರಿಗಾಹಿಯೂ ಲೆಕ್ಕಕ್ಕುಂಟು, ತಾನು ಅನುಮಾನಕ್ಕೂ ಇಲ್ಲ. ಛೀ, ಮಗು ಸಾಯಬಿದ್ದಿರುವಾಗ ಇದೆಂಥ ಯೋಚನೆ ಎಂದು ಬೈದುಕೊಂಡು ಮಣ್ಣು ತರಲು ಹಿತ್ತಲಿಗೆ ಹೋಗಿದ್ದಳು.

ಅಮ್ಮನ ಸಮಾಧಿಯ ಮುಂದಿನ ಮಣ್ಣು ಇಷ್ಟು ಮೆತ್ತಗಿರಲಿಲ್ಲ, ಬಿಸಿಲಿಗೆ ಬೆಂದು ಇಟ್ಟಿಗೆಯಾಗಿತ್ತು. ಬಂದರಿಗೆ ಇಳಿಯುವ ದಾರಿಯ ಎರಡೂ ಬದಿಗೆ ಸತ್ತವರ ಮನೆಗಳು, ಅವುಗಳ ಮೇಲೆ ಸೊಂಟದವರೆಗೆ ಮಾತ್ರ ನೆಲದಿಂದೆದ್ದ ಕಲ್ಲಿನ ದೇವಿ. ಕೂದಲಿದೆ, ಸೆರಗಿದೆ, ಮುಖವಿಲ್ಲ. ಕೆಳಗಿನ ರಾಣಿಗೆ ಮುಖ ಕೊರೆಯುವ ಧೈರ್ಯ ಯಾವ ಶಿಲ್ಪಿಗೆ ಬಂದೀತು. ಅವತ್ತು, ಜ್ವರಕ್ಕೆ ಕೆಲವೇ ದಿನ ಮೊದಲು, ವರ್ಷವರ್ಷವೂ ಮಾಡುವ ಅಮ್ಮನ ತಿಥಿ. ಹಾಲು ಜೇನು ಸುರಿದಾದ ಮೇಲೆ ಮರದ ನೆರಳಲ್ಲಿ ಊಟಕ್ಕೆ ಕೂತರು. ಪ್ರೋರ ತಾನೇ ಮಾಂಸ ಹಂಚುತ್ತಿದ್ದ. ಹೆಂಡತಿಗೆ, ಮಗಳಿಗೆ, ಜೊತೆಗೆ ಬಂದ ಗೆಳೆಯರಿಗೆ, ಹೇಸರಗತ್ತೆ ಹೊಡೆದುಕೊಂಡು ಬಂದವನಿಗೂ ಒಂದು ಎಲುಬು. ಪಾತ್ರೆ ಖಾಲಿಯಾಯಿತು. ಅವಳು ಚಾಚಿದ ಕೈ ಚಾಚಿಯೇ ಇತ್ತು. ಅದನ್ನು ಏನು ಮಾಡಬೇಕು ತಿಳಿಯದೆ ತಲೆಗೂದಲು ಸರಿಮಾಡಿಕೊಂಡಳು. ಗೆಳೆಯರಲ್ಲೊಬ್ಬ ಅದನ್ನು ನೋಡಿಬಿಟ್ಟ. "ಏನಯ್ಯಾ, ನಿಮ್ಮಕ್ಕನ್ನೇ ಮರೆತ್ಯಲ್ಲ!" ಪ್ರೋರ ಪಾತ್ರೆ ಬೋರಲು ಹಿಡಿದು, "ಅಯ್ಯೋ, ನಾನು ಮನೆಯವರನ್ನ ಎಣಿಸ್ಕೊಂಡು ಬಂದೆ ಕಣೋ!" ಎಂದು ನಕ್ಕ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಅವನೇನು ಕೆಟ್ಟವನಲ್ಲ, ಬೇಕಂತ ಆಡಿದ ಮಾತಲ್ಲ, ಅದೇ ಸಂಕಟ; ಬೇಕಂತ ಆಡಿದ್ದರೆ ತಿರುಗಿ ಬೈಯಬಹುದಿತ್ತು. ಅಮ್ಮ ಸತ್ತಾಗ ಹಾಲು ಬಿಡದ ಕೂಸು ಇವನು. ಮೇಕೆಹಾಲಿನಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ಟು, ರಾತ್ರಿಯಿಡೀ ಹೆಗಲ ಮೇಲೆ ಹೊತ್ತು ತಿರುಗಿ, ಆಡುವ ವಯಸ್ಸನ್ನು ಅವನ ಮೂಗು ಒರೆಸಿ ಕಳೆದವಳು ಇವಳು. ಎಲ್ಲರೂ ಎದ್ದು ಹೊರಟ ಮೇಲೆ ಪಾತ್ರೆ ತಿಕ್ಕಲು ಹಿಂದೆ ಉಳಿದವಳು ಮರಳಿನಲ್ಲಿ ತಿಕ್ಕುತ್ತ ತಿಕ್ಕುತ್ತ, ಏನಾಯಿತೋ, ಪಾತ್ರೆ ಬಿಸಾಕಿ ಮಂಡಿಯೂರಿ ಎರಡೂ ಅಂಗೈಯಿಂದ ನೆಲ ಬಡಿದಳು. ಕೆಳಗಿನವರನ್ನು ಕರೆಯುವುದು ಹಾಗೇ. ಮೇಲಿನ ದೇವರಿಗೆ ಕೈ ಎತ್ತಬೇಕು, ಅವರಿಗೆ ನೆಲ ಬಡಿಯಬೇಕು. "ಕೆಳಗಿರೋ ತಾಯಿ, ದಯಾಮಯಿಯರೇ, ಇವನು ಮನೆಯವರು ಅಂತ ಎಣಿಸಿದ್ನಲ್ಲ, ಆ ಎಣಿಕೆ ತಪ್ಪಲಿ." ಅಷ್ಟೇ. ದಯೆಯ ಗಂಧವಿಲ್ಲದವರನ್ನು ದಯಾಮಯಿಯರೆಂದು ಕರೆಯುವ ಎಚ್ಚರ ಇತ್ತು, ಯಾರು ಎಂದು ಹೆಸರು ಹೇಳುವ ಎಚ್ಚರ ಇರಲಿಲ್ಲ. ಹೆಸರು ಹೇಳದಿದ್ದರೆ ಅವರು ತಾವೇ ಆರಿಸಿಕೊಳ್ಳುತ್ತಾರೆ, ಆರಿಸಿಕೊಳ್ಳುವಾಗ ಎಳೆಯದನ್ನೇ ನೋಡುತ್ತಾರೆ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಂಗೈ ಚುರುಗುಟ್ಟುತ್ತಿತ್ತು. ಮನಸ್ಸು ಹಗುರಾಗಿ, ಮನೆಗೆ ಹೋಗುವ ದಾರಿಯಲ್ಲಿ ಹಾಡು ಗುನುಗಿದಳು. ಅವತ್ತು ಸಂಜೆ ಮಿರ್ತೊ ಅವಳ ತೊಡೆಯ ಮೇಲೇ ನಿದ್ದೆ ಹೋಯಿತು.

ಗಂಡುಗೊಂಬೆ ಮೊದಲು ಮುಗಿಯಿತು. ಹೆಗಲು, ಗಡ್ಡ, ನೆಟ್ಟಗಿನ ಕಾಲು. ಬೇಸಗೆಯಲ್ಲಿ ಜ್ವರ ಯಾರಿಗೆ ಬರುವುದಿಲ್ಲ, ಕೆಳಕೇರಿಯಲ್ಲಿ ಎಷ್ಟು ಮಕ್ಕಳು ಮಲಗಿಲ್ಲ, ಅವರಿಗೆಲ್ಲ ಯಾರು ನೆಲ ಬಡಿದರು ಎಂದು ಒಂದು ಮನಸ್ಸು ಕೇಳಿದರೆ, ನಿನಗೆ ಗೊತ್ತು ಎಂದು ಇನ್ನೊಂದು ಮನಸ್ಸು ತಣ್ಣಗೆ ಹೇಳುತ್ತಿತ್ತು. ಜ್ವರ ಏರಿದ ದಿನವೇ ನೀರು ತರುತ್ತೇನೆಂದು ಹೇಳಿ ಸಮಾಧಿಗೆ ಓಡಿದ್ದಳು. ಮತ್ತೆ ನೆಲ ಬಡಿದು, "ಬೇಡ, ವಾಪಸ್ ತಗೊಂಡೆ, ಕೇಳಿಸ್ತಾ? ಸಿಟ್ಟಲ್ಲಿ ಅಂದಿದ್ದು" ಎಂದು ಕಿವಿಯನ್ನು ಮಣ್ಣಿಗೊತ್ತಿ ಮಲಗಿದಳು. ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಮ್ಮೆ ಫಿಲೊ ಹತ್ತಿರ ಬಾಯಿಬಿಟ್ಟೂ ನೋಡಿದಳು. "ಫಿಲೊ, ನಿನ್ ಹತ್ರ ಒಂದು ಹೇಳ್ಬೇಕಿತ್ತು ಕಣೇ." "ಆಮೇಲೆ ಹೇಳಿ ಅತ್ತಿಗೆ, ಮೊದ್ಲು ಆ ಒದ್ದೆಬಟ್ಟೆ ಹಿಂಡ್ಕೊಡಿ." ಹಿಂಡಿಕೊಟ್ಟಳು. ಹಿಂಡುವಷ್ಟರಲ್ಲಿ ಧೈರ್ಯವೂ ಬಸಿದುಹೋಯಿತು. ಬಾಯಿ ಬಿಟ್ಟರೆ ಬಣ್ಣಗೇಡು. ಉಂಡ ಮನೆಗೆ ಎರಡು ಬಗೆದವಳು ಎಂದು ಊರು ಉಗಿಯಲಿ, ತಮ್ಮ ಕುತ್ತಿಗೆ ಹಿಡಿದು ದಬ್ಬಲಿ, ಅದನ್ನು ತಡೆದುಕೊಳ್ಳಬಹುದು. ಮಿರ್ತೊ ಬದುಕಿ, ದೊಡ್ಡವಳಾಗಿ, ಒಂದು ದಿನ ಕೇಳುತ್ತಾಳಲ್ಲ, ಅತ್ತೆ ನಾನು ಸಾಯ್ಲಿ ಅಂತ ಬೇಡ್ಕೊಂಡ್ಯಾ ಅಂತ. ಅದಕ್ಕೆ ಏನು ಹೇಳುವುದು? ನಿನ್ನ ಹೆಸರು ಹೇಳಿರಲಿಲ್ಲ ಮಗಳೇ ಎನ್ನುವುದೇ? ಹಾಗಾದರೆ ಯಾರ ಹೆಸರು ಎಂದು ಕೇಳದೆ ಬಿಡುತ್ತಾಳೆಯೇ?

ಒಳಗಿಂದ ಮಗು ಕ್ಷೀಣವಾಗಿ ಕೂಗಿತು. ಮಣ್ಣಿನ ಕೈಯಲ್ಲೇ ಹೋದಳು. ಮಿರ್ತೊಳ ತುಟಿ ಒಡೆದು ಕಪ್ಪಾಗಿತ್ತು, ಕಣ್ಣು ಮಾತ್ರ ದೊಡ್ಡದಾಗಿ ಹೊಳೆಯುತ್ತಿತ್ತು. "ಅತ್ತೆ, ಗೊಂಬೆ ಮಾಡಿದ್ಯಾ?" "ಹೂಂ ಕಂದ." "ನಂಗಾ?" "ನಿಂಗೇ ಚಿನ್ನ, ನಿಂಗೋಸ್ಕರ." "ಹೆಣ್ಣುಗೊಂಬೆ ನಂಗೆ ಬೇಕು. ಅದ್ರ ಹೆಸರೇನು?" ಮೆಗಿಸ್ತೊ ಉತ್ತರ ಹುಡುಕುತ್ತಿರುವಾಗಲೇ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಫಿಲೊ ಚೀರಿ ಬಂದು ಎತ್ತಿಕೊಂಡಳು. ಸೆಳೆತ ನಿಲ್ಲುವವರೆಗೂ ಮೆಗಿಸ್ತೊ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕೈಯ ಮಣ್ಣು ಒಣಗಿ ಬಿರಿಯುತ್ತಿತ್ತು. ಹೊರಗೆ ಬಂದು ಉಳಿದ ಮುದ್ದೆಯನ್ನು ಹೆಣ್ಣಾಗಿ ತಿದ್ದಿದಳು. ಸೊಂಟ, ಎದೆ, ಹೆರಳು. ಮುಖದ ಜಾಗಕ್ಕೆ ಬಂದಾಗ ಹೆಬ್ಬೆರಳಿನಿಂದ ಸವರಿ ನಯಮಾಡಿ ಬಿಟ್ಟಳು. ಕಾರ್ನೇದ ಬಗ್ಗಿ ನೋಡಿ, "ಮೂಗು ಬಾಯಿ ಮಾಡ್ಲಿಲ್ವೇನಮ್ಮ?" ಎಂದ. "ಯಾರು ಅಂತ ಗೊತ್ತಿಲ್ದೋರಿಗೆ ಯಾರ ಮೂಗು ಇಡ್ಲಿ ಅಜ್ಜ?" "ಅದೂ ಸರಿಯೇ ಬಿಡು" ಎಂದು ಅವನು ಒಪ್ಪಿಕೊಂಡ. ಎಷ್ಟು ಸಲೀಸಾಗಿ ಸುಳ್ಳು ಬಂತು ಎಂದು ಅವಳಿಗೇ ಆಶ್ಚರ್ಯವಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಗಳದ ನೆರಳಲ್ಲಿ ಎಲ್ಲ ಸಿದ್ಧವಾಯಿತು. ಹಬ್ಬಕ್ಕೆ ಮಾತ್ರ ತೆಗೆಯುವ ಉಣ್ಣೆಯ ಹಾಸು ಹಾಕಿದ ಆಸನ; ಅದರ ಮೇಲೆ ಗೊಂಬೆಗಳು ಅಕ್ಕಪಕ್ಕ ಕೂತವು. ಮುಂದೆ ಮೇಜು. ಬಾರ್ಲಿ ರೊಟ್ಟಿ, ಗಿಣ್ಣು, ಆಲಿವ್, ಜೇನು ಸುರಿದ ಅಂಜೂರ. ಬೆಳಿಗ್ಗೆ ಕೊಯ್ದ ಮರಿಯ ತೊಡೆಮಾಂಸ, ಸಿಲ್ಫಿಯ ಎಂಬ ಘಮದ ದಂಟು ಹಾಕಿ ಬೇಯಿಸಿದ್ದು. ಊರಿಗೆ ಊರೇ ಹಡಗಿನಲ್ಲಿ ಹೊರಗೆ ಕಳಿಸುವ ಆ ದಂಟನ್ನು ಈ ಮನೆಯಲ್ಲಿ ನೆಂಟರಿಗೂ ಹಾಕುತ್ತಿರಲಿಲ್ಲ. ಅಡುಗೆ ಮಾಡಿದವಳು ಮೆಗಿಸ್ತೊ. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಯಾರೂ ಕೇಳಿರಲಿಲ್ಲ, ಕೇಳುವ ದಿನವೂ ಅದಲ್ಲ. ಫಿಲೊ ಮಗುವನ್ನು ಎದೆಗೊತ್ತಿಕೊಂಡು ಬಾಗಿಲ ಬಳಿ ಕೂತಳು. "ಅತಿಥಿ ಉಣ್ಣೋವರೆಗೂ ಯಾರೂ ಬಾಯಿಗೆ ಹಾಕ್ಬಾರ್ದು" ಎಂದ ಕಾರ್ನೇದ. "ಈಗ ಕರಿ ಪ್ರೋರ. ಮನಸ್ಸಿಟ್ಟು ಕರಿ. ಬಾಯಿಮಾತಿನ ಕರೆಗೆ ಅವರು ಬರೋದಿಲ್ಲ."

ಪ್ರೋರ ಗಂಡುಗೊಂಬೆಗೆ ಕಲಿಸಿದ ಹಾಗೆ ಹೇಳಿ ಮುಗಿಸಿದ. ಹೆಣ್ಣುಗೊಂಬೆಯ ಮುಂದೆ ಬಂದಾಗ ಏನಾಯಿತೋ, ಕಲಿತ ಮಾತು ನಿಂತುಹೋಯಿತು. ಆ ದೊಡ್ಡ ಗಂಡಸು ಮಣ್ಣಿನ ಮುದ್ದೆಯ ಮುಂದೆ ಮಂಡಿಯೂರಿದ. "ಬಾ ತಾಯಿ. ನೀನು ಯಾರೋ ನಂಗೊತ್ತಿಲ್ಲ. ಏನ್ ತಪ್ಪು ಮಾಡಿದ್ನೋ ಅದೂ ಗೊತ್ತಿಲ್ಲ. ಗೊತ್ತಿಲ್ದೇನೇ ಜಾಸ್ತಿ ನೋವು ಮಾಡಿರ್ತೀನಿ, ಅಂಥ ಮಂಕ ನಾನು. ಹಸ್ಕೊಂಡು ಬಂದಿದ್ದೀಯ, ಕೂತ್ಕೋ, ಉಣ್ಣು. ಈ ಮನೇಲಿ ನಿನ್ನ ಪಾಲು ಇದೆ, ಯಾರೂ ಇಲ್ಲ ಅನ್ನಲ್ಲ. ನನ್ನ ಮಗು ಬಿಟ್ಟುಬಿಡು ತಾಯಿ." ಎಲ್ಲಕ್ಕಿಂತ ಒಳ್ಳೆಯ ತುಂಡನ್ನು ಕೈಯಾರೆ ಎತ್ತಿ ಅದರ ಮುಂದೆ ಇಟ್ಟ. ಕಂಬದ ಹಿಂದೆ ನಿಂತಿದ್ದ ಮೆಗಿಸ್ತೊ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು. ಇಷ್ಟೇ, ಇಷ್ಟೇ ಸಾಕಾಗಿತ್ತಲ್ಲೋ. ಅವತ್ತು ಮರದ ಕೆಳಗೆ ಇದರಲ್ಲಿ ಒಂದು ಮಾತು, ಒಂದು ಎಲುಬು ಸಾಕಾಗಿತ್ತು. ಕಣ್ಣಲ್ಲಿ ನೀರು ತುಂಬಿ ಎದುರಿನದೆಲ್ಲ ಕಲಸಿಹೋಯಿತು. ಎಲ್ಲರೂ ಕಾದರು. ಮಾಂಸದ ಮೇಲೆ ನೊಣ ಕೂತಿತು, ಕಾರ್ನೇದ ಕೈಬೀಸಿ ಓಡಿಸಿದ. ಗೊಂಬೆಗಳು ಕೂತ ಹಾಗೇ ಕೂತಿದ್ದವು. ಬಾಗಿಲಲ್ಲಿ ಮಗುವಿನ ಉಸಿರು ಗೊರಗುಟ್ಟುತ್ತಿತ್ತು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಏನೂ ಇಲ್ಲದ ಜಾಗ ಹಿಗ್ಗುತ್ತಿತ್ತು. ಹೆಸರು ಗೊತ್ತಿದ್ದೂ ಗೊತ್ತಿಲ್ಲವೆಂದು ಕರೆದ ಊಟ, ಇದನ್ನು ಕೆಳಗಿನವರು ಮುಟ್ಟುವುದಿಲ್ಲ. ಗೊತ್ತಿಲ್ಲದ್ದು ಅವನಿಗೆ. ಗೊತ್ತಿದ್ದವಳು ಇಲ್ಲೇ ಕಂಬ ಹಿಡಿದು ನಿಂತಿದ್ದಾಳೆ.

ಅವಳು ಕಂಬ ಬಿಟ್ಟು ಮುಂದೆ ಬಂದಳು. ಹೆಣ್ಣುಗೊಂಬೆಯನ್ನು ಎತ್ತಿ ನೆಲಕ್ಕಿಟ್ಟು, ಅದರ ಜಾಗದಲ್ಲಿ, ಹಬ್ಬದ ಹಾಸಿನ ಮೇಲೆ ಕೂತಳು. ತಮ್ಮ ಇಟ್ಟ ತುಂಡನ್ನು ತೆಗೆದುಕೊಂಡು ಬಾಯಿಗಿಟ್ಟಳು.

"ಅಕ್ಕಾ! ಏಯ್, ಅದು ನಿಂಗಲ್ಲ, ಅದು—"

"ನಂಗೇ ಕಣೋ ಪ್ರೋರ."

ಮೊದಲು ಅರ್ಥವಾದದ್ದು ಕಾರ್ನೇದನಿಗೆ. ಅವನು ಹಿಂದೆ ಸರಿದು ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡ. ಆಮೇಲೆ ಫಿಲೊಗೆ, ಅವಳು ಮಗುವನ್ನು ಸೆರಗಿನಲ್ಲಿ ಮುಚ್ಚಿದಳು. ಪ್ರೋರ ಮಾತ್ರ ಮಂಡಿಯೂರಿದಲ್ಲೇ ಅಕ್ಕನ ದವಡೆ ಆಡುವುದನ್ನು ನೋಡುತ್ತಿದ್ದ, ಚಿಕ್ಕವನಿದ್ದಾಗ ಅವಳು ಅವನಿಗೆ ರೊಟ್ಟಿ ಅಗಿದು ಕೊಡುವುದನ್ನು ಕಾಯುತ್ತಿದ್ದ ಹಾಗೆ. "ಯಾಕಕ್ಕಾ?" ಎಂದ. "ನಾನೇನ್ ಮಾಡ್ದೆ ನಿಂಗೆ?" ಅವಳು ಅವನ ಮುಖದಲ್ಲಿ ಹುಡುಕಿದಳು. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಸಮಾಧಿಯ ಊಟ ನೆನಪಿದ್ದೀತು, ಆ ನಗು ಇಲ್ಲ. ಈಗ ಹೇಳಿದರೂ, ಅಷ್ಟಕ್ಕೇನಾ ಎಂದಾನು. ಅಷ್ಟಕ್ಕೇ ಎಂದು ತಾನು ಹೇಳಬೇಕಾದೀತು. ಅವಳು ಇನ್ನೊಂದು ತುತ್ತು ಕಚ್ಚಿದಳು. ಉಪ್ಪು ಸ್ವಲ್ಪ ಮುಂದಾಗಿತ್ತು. ಆದರೂ ಹಸಿವು ಹಸಿವೇ, ತುಂಡನ್ನು ಮೂಳೆಯವರೆಗೂ ಚೀಪಿ ತಿಂದಳು, ಅಂಜೂರ ತಿಂದಳು, ದ್ರಾಕ್ಷಾರಸ ಕುಡಿದಳು. ಯಾರೂ ತಡೆಯಲಿಲ್ಲ. ಕೈ ತೊಳೆದುಕೊಂಡು ಎದ್ದಳು.

"ನನ್ನ ಊಟ ಆಯ್ತು. ಏಳು, ಬಿಟ್ಟು ಬಾ."

"ಎಲ್ಲಿಗೆ ಬಿಡ್ಲಿ ನಿನ್ನ? ಹುಚ್ಚು ಹಿಡಿದಿದ್ಯಾ?" ಪ್ರೋರ ಕಾರ್ನೇದನ ಕಡೆ ತಿರುಗಿದ. "ಅಜ್ಜಾ, ಹೇಳು ಇವಳಿಗೆ! ಕಲ್ಲಲ್ಲಿ ಮನುಷ್ಯರನ್ನ ಬಿಟ್ಟು ಬಾ ಅಂತ ಎಲ್ಲಿದೆ?"

ಮುದುಕ ತಲೆ ಎತ್ತದೆಯೇ ಹೇಳಿದ. "ಉಣ್ಣೋ ಮೊದ್ಲು ಹೇಳಿದ್ರೆ ಬಾಗಿಲಲ್ಲಿ ಹೆಸರು ಕೂಗಿ ಮುಗಿಸ್ಬಹುದಿತ್ತು. ಉಂಡ ಅತಿಥಿಯನ್ನ ಕಾಡಿಗೆ ಬಿಡ್ಬೇಕು ಅಂತಿದೆ. ಮಣ್ಣಿಂದಾ, ಜೀವ ಇರೋದಾ ಅಂತ ಬರೆದಿಲ್ಲ. ಮನೆಗೆ ಬೇಕಾದ್ದು ನೀನೇ ನೋಡ್ಕೋ." ಬಾಗಿಲ ಬಳಿಯಿಂದ ಫಿಲೊ ಗಂಡನನ್ನೇ ನೋಡುತ್ತಿದ್ದಳು. ಪ್ರೋರ ಆ ಕಣ್ಣುಗಳನ್ನು ನೋಡಿ, ಉಳಿದ ರೊಟ್ಟಿ ಗಿಣ್ಣನ್ನೆಲ್ಲ ಬಟ್ಟೆಗೆ ಕಟ್ಟಿ, ಗಂಡುಗೊಂಬೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಗುದ್ದಲಿ ಎತ್ತಿಕೊಂಡ. ಮೆಗಿಸ್ತೊ ಮಗುವಿನ ಹತ್ತಿರ ಹೋಗಲಿಲ್ಲ. ಮುಟ್ಟಿದರೆ ಮತ್ತೆ ಅಂಟೀತು. ದೂರದಿಂದ ಹೆಣ್ಣುಗೊಂಬೆಯನ್ನು ತೋರಿಸಿ, "ಅದನ್ನ ಒಡೆದು ಮಣ್ಣಿಗೆ ಸೇರ್ಸು ಫಿಲೊ, ಮಗು ಕೈಗೆ ಮಾತ್ರ ಕೊಡ್ಬೇಡ" ಎಂದಳು. "ಅತ್ತೆ ಎಲ್ಲಿಗೆ?" ಎಂದು ಮಿರ್ತೊ ಸೆರಗಿನೊಳಗಿಂದ ಕೇಳಿದ್ದು ಅವಳಿಗೆ ಕೇಳಿಸಿತು. ಹೊಸ್ತಿಲು ದಾಟುವಾಗ ಕಾರ್ನೇದ ಪ್ರೋರನ ತೋಳು ಹಿಡಿದು, "ವಾಪಸ್ ಬರೋವಾಗ ತಿರುಗಿ ನೋಡ್ಬೇಡ. ಹೆಸರು ಹಿಡಿದು ಕರೀಬೇಡ. ಕರೆದಾಗ ಅದು ಓ ಅಂದ್ರೆ ಮುಗೀತು, ನಿನ್ನ ಹಿಂದೇನೇ ಮನೆಗೆ ಬರುತ್ತೆ" ಎಂದ.

ಹೊಲದ ಕೊನೆಯ ಕಲ್ಲುಗೋಡೆ ದಾಟಿ, ಆಲಿವ್ ಮರಗಳು ಮುಗಿದು, ಮುಳ್ಳುಪೊದೆ ಬೆಳೆದ ಏರಿಗೆ ಬರುವವರೆಗೂ ಅವಳು ಮುಂದೆ, ಅವನು ಹಿಂದೆ. ಏರಿನ ಮೇಲೆ ಗಾಳಿಗೆ ಬಾಗಿದ ಕುರುಚಲು ಮರಗಳು, ಅವುಗಳಾಚೆಗೆ ಲಿಬಿಯದ ಕುರಿಗಾಹಿಗಳು ಮಾತ್ರ ತಿರುಗುವ ನೆಲ. ನೇಗಿಲು ಇತ್ತ ಬಂದದ್ದಿಲ್ಲ. ಪ್ರೋರ ಗುಳಿ ತೋಡಿ ಗಂಡುಗೊಂಬೆಯನ್ನು ನೆಟ್ಟ. ಪಕ್ಕದಲ್ಲಿ ಇನ್ನೊಂದು ಗುಳಿ ತೋಡಬೇಕೋ ಬೇಡವೋ ತಿಳಿಯದೆ ಗುದ್ದಲಿ ಹಿಡಿದು ನಿಂತ. ಅವಳೇ ಒಂದು ಕಲ್ಲಿನ ಮೇಲೆ ಕೂತು, ಗಂಟನ್ನು ಅವನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. "ಆ ಕುರಿಯವರು ಸಂಜೆಗೆ ಈ ಕಡೆ ಬರ್ತಾರೆ. ನನ್ನ ಚಿಂತೆ ಬೇಡ. ಹೋಗು, ಕೂಸು ಕಾಯ್ತಿರುತ್ತೆ." ಅವನು ಹೆಂಗಸಿನ ಹಾಗೆ ಅಳುತ್ತಿದ್ದ. ಮೂಗು ಒರೆಸಲು ಅವಳ ಕೈ ತಾನಾಗಿ ಮೇಲೆದ್ದಿತು, ಅರ್ಧದಲ್ಲೇ ಇಳಿಸಿದಳು. "ಹೋಗೋ ಅಂದ್ರೆ."

ಅವನು ಹೋದ. ಪೊದೆಗಳ ನಡುವೆ ಅವನ ಬೆನ್ನು ಇಳಿಯುತ್ತ ಇಳಿಯುತ್ತ ಸಣ್ಣದಾಯಿತು. ಕಲ್ಲುಗೋಡೆಯ ಹತ್ತಿರ ನಿಂತುಬಿಟ್ಟ. ಬೇಡ ಕಣೋ ಎಂದು ಅವಳು ಒಳಗೊಳಗೇ ಅಂದುಕೊಳ್ಳುವಷ್ಟರಲ್ಲಿ ತಿರುಗಿದ.

"ಅಕ್ಕಾ!"

ಹಾಲಿಗೆ ಅಳುವಾಗ, ಕತ್ತಲೆಗೆ ಹೆದರಿದಾಗ, ಮುಳ್ಳು ಚುಚ್ಚಿದಾಗ, ಮದುವೆಯ ಉಂಗುರ ಕಳೆದುಕೊಂಡಾಗ, ಯಾವಾಗ ಕರೆದರೂ ಇದ್ದಲ್ಲಿಂದಲೇ ಓ ಎಂದವಳು. ಈಗಲೂ ಓ ಎನ್ನುವುದು ನಾಲಿಗೆಯ ತುದಿಗೆ ಬಂದು ತುಟಿಯನ್ನು ಒಳಗಿಂದ ತಳ್ಳಿತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಕ್ಕಾ! ಅಲ್ಲಿದ್ದೀಯಾ? ಮೆಗಿಸ್ತೊ! ಒಂದ್ಸಲ ಓ ಅನ್ನೇ!"

ಅವನು ಕೂಗುತ್ತಲೇ ಇದ್ದ. ಗಂಟಲು ಕಟ್ಟಿ, ದನಿ ಒಡೆದು, ಕೊನೆಗೆ ಆ ಬೆನ್ನು ಗೋಡೆ ದಾಟಿ ಮನೆಯ ಕಡೆಗೆ ಇಳಿದು ಮರೆಯಾಗುವವರೆಗೂ ಅವಳು ಓಗೊಡಲಿಲ್ಲ.